ಡೋರೀನ್ ಕಟ್ಟಿಟ್ಟ ಗಂಟು

ಆ ಭಾನುವಾರ ಬೆಳಿಗ್ಗೆ ನಾನು ಚರ್ಚಿಗೆ ಹೊರಡಲು ಟೈ ಕಟ್ಟಿಕೊಳ್ಳುತ್ತಿದ್ದಾಗ ಫೋನು ಬಂತು. ಇಂಗ್ಲೆಂಡಿನಿಂದ ನನ್ನ ಹೆಂಡತಿ ಡೋರೀನಳೇ ಮಾಡಿರಬೇಕು ಎಂದುಕೊಂಡೆ. ಅವಳು ಮೂರು ವಾರಗಳ ಹಿಂದೆ ತಂಗಿಯ ಮನೆಗೆಂದು ಲ್ಯಾಂಕಶೈರಿಗೆ ಹೋಗಿದ್ದಳು. ಪ್ರತಿ ಭಾನುವಾರವೂ ಅವಳ ಮಧ್ಯಾಹ್ನಕ್ಕೆ, ಅಮೆರಿಕದ ಓಹಾಯೋದಲ್ಲಿ ನನ್ನ ಬೆಳಿಗ್ಗೆಗೆ ಸರಿಯಾಗಿ ಫೋನು ಮಾಡಿ, ನಾನು ಯಾವ ಟೈ ಕಟ್ಟಿದ್ದೇನೆಂದು ಕೇಳಿ, "ಅದನ್ನ ಬಿಚ್ಚು, ನೀಲಿದು ಕಟ್ಟು" ಎನ್ನುತ್ತಿದ್ದಳು. ಅದಕ್ಕಾಗಿಯೇ ನಾನು ಮೊದಲು ಕಂದು ಟೈಯನ್ನೇ ಕಟ್ಟಿರುತ್ತಿದ್ದೆ.

ಫೋನಿನಲ್ಲಿದ್ದವಳು ಅವಳ ತಂಗಿ ಎಡ್ನಾ.

"ವೆಂಡೆಲ್, ಕುಂತೀಯೇನಪಾ?"

"ನಿಂತಿದೀನಿ."

"ಹಂಗಾರ ಕುಂದ್ರು."

ಅಷ್ಟರಲ್ಲೇ ನನಗೆ ತಿಳಿಯಿತು. ಆದರೂ ಅವಳು ಹೇಳುವುದನ್ನೆಲ್ಲ ಕೇಳಿದೆ. ಬೆಳಿಗ್ಗೆ ಚಹಾ ತೆಗೆದುಕೊಂಡು ಮಹಡಿಗೆ ಹೋದಳಂತೆ. ಡೋರೀನ್ ಎದ್ದಿರಲಿಲ್ಲವಂತೆ. ನಿದ್ದೆಯಲ್ಲೇ ಹೋಗಿದ್ದಾಳೆ ಎಂದು ಡಾಕ್ಟರು ಹೇಳಿದರಂತೆ. "ಮಾರಿ ಶಾಂತ ಇತ್ತು ನೋಡು. ಚಹಾ ಆರಿಹೋತು," ಎಂದು ಎಡ್ನಾ ಅತ್ತಳು. ಚಹಾ ಆರಿದ್ದಕ್ಕೇ ಅಳುತ್ತಿದ್ದಾಳೆಂಬಂತೆ ಅದನ್ನೇ ಮತ್ತೆ ಮತ್ತೆ ಹೇಳಿದಳು.

ಮರುದಿನ ಮತ್ತೆ ಫೋನು ಮಾಡಿದಳು.

"ಹೋದ ವಾರ ಅವ್ವನ ಸಮಾಧಿಗೆ ಹೂ ಇಡಾಕ ಹೋಗಿದ್ವಿ. 'ಇಲ್ಲೆ ಇನ್ನೊಬ್ಬರಿಗೆ ಜಾಗ ಐತಿ ನೋಡು' ಅಂದಿದ್ಲು ಅಕಿ. ಏನ್ ಮಾಡೂಣು? ಇಲ್ಲೆ ಮಣ್ಣು ಮಾಡೂಣೋ, ನಿನ್ನ ಕಡೆ ಕಳಿಸೂಣೋ?"

ನನ್ನ ಹೃದಯದ ಡಾಕ್ಟರು ವಿಮಾನ ಹತ್ತಬಾರದೆಂದು ಹೇಳಿ ಎರಡು ವರ್ಷವಾಗಿತ್ತು. ಡೋರೀನಳೇ ಹಾಗೆ ಹೇಳಿದ್ದಾಳೆಂದ ಮೇಲೆ ನಾನು ಬೇರೆ ಏನು ಹೇಳಲಿ? "ಅಲ್ಲೇ ಆಗಲಿ" ಎಂದೆ.

ಫೋನು ಇಟ್ಟ ಮೇಲೆ ಒಂದು ಮುಳ್ಳು ಒಳಗೆ ಮುರಿದು ನಿಂತಿತು. ಐವತ್ತು ವರ್ಷ ಅವಳು ನನ್ನೊಡನೆ ಈ ಊರಿನಲ್ಲಿ ಬಾಳಿದಳು. ಕೊನೆಗೆ ಮಲಗಲು ಆರಿಸಿಕೊಂಡದ್ದು ತಾಯಿಯ ಪಕ್ಕದ ಮಣ್ಣನ್ನು. ಹಾಗಾದರೆ ಇಷ್ಟು ವರ್ಷ ಅವಳ ಮನಸ್ಸು ಎಲ್ಲಿತ್ತು? ನಾನು ಅವಳನ್ನು ಕರೆತಂದದ್ದು ತಪ್ಪಾಯಿತೇ? ಇದನ್ನು ಅವಳು ಬದುಕಿದ್ದಾಗ ಒಂದು ಸಲವಾದರೂ ನೇರವಾಗಿ ಕೇಳಬೇಕಾಗಿತ್ತು. ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಅವಳು ಅಂಥವಳು. ಅವರ ಕಡೆಯವರೆಲ್ಲ ಅಂಥವರೇ. ನಮ್ಮದೂ ಅವರದೂ ಒಂದೇ ಭಾಷೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಒಂದೇ ಮನೆಯಲ್ಲಿ ಬಾಳಿ ನೋಡಿದರೆ ಗೊತ್ತಾಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ನಮ್ಮ ಪಾಸ್ಟರನ್ನೂ ಅವರ ಹೆಂಡತಿಯನ್ನೂ "ಅರ್ಧ ಏಳಕ್ಕ ಊಟಕ್ಕ ಬರ್ರಿ" ಎಂದು ಕರೆದಳು. ಅವಳ ಊರಿನಲ್ಲಿ ಅದು ಏಳೂವರೆ. ಅವರು ಬಹಳ ಹೊತ್ತು ಯೋಚಿಸಿ, ಏಳಕ್ಕೆ ಅರ್ಧ ಕಡಿಮೆ ಎಂದು ತೀರ್ಮಾನಿಸಿ, ಆರೂವರೆಗೆ ಬಂದು ನಿಂತರು. ಡೋರೀನ್ ತಲೆತುಂಬ ಕೂದಲು ಸುತ್ತುವ ಸುರುಳಿಗಳನ್ನು ಸಿಕ್ಕಿಸಿಕೊಂಡೇ ಬಾಗಿಲು ತೆರೆದಳು.

ಮೊದಲ ಕ್ರಿಸ್‌ಮಸ್ಸಿನ ಮಾತಂತೂ ನಮ್ಮ ಊರಿನಲ್ಲಿ ಇನ್ನೂ ಹೇಳುತ್ತಾರೆ. ತಾನು ಪುಡಿಂಗ್ ಮಾಡುತ್ತೇನೆ ಎಂದಳು. ನಮ್ಮಲ್ಲಿ ಪುಡಿಂಗ್ ಎಂದರೆ ಹಾಲಿನಲ್ಲಿ ಮಾಡಿದ, ಚಮಚದಲ್ಲಿ ಎತ್ತಿ ತಿನ್ನುವ ಮೆತ್ತನೆಯ ಸಿಹಿ. ನನ್ನ ತಾಯಿ ಗಾಜಿನ ಸಣ್ಣ ಬಟ್ಟಲುಗಳನ್ನೂ ಸಣ್ಣ ಚಮಚಗಳನ್ನೂ ಜೋಡಿಸಿಟ್ಟರು. ಡೋರೀನ್ ಕಿಟಕಿಯ ಪರದೆಗಳನ್ನೆಲ್ಲ ಎಳೆಸಿ, ಕತ್ತಲು ಮಾಡಿಸಿ, ಅಡುಗೆಮನೆಯಿಂದ ಕಪ್ಪು ಚೆಂಡಿನಂಥದ್ದೊಂದನ್ನು ತಟ್ಟೆಯಲ್ಲಿ ಹಿಡಿದು ಬಂದಳು. ಅದರ ಮೈಮೇಲೆಲ್ಲ ನೀಲಿ ಬೆಂಕಿ ಓಡಾಡುತ್ತಿತ್ತು. ನನ್ನ ತಂದೆ ಊರಿನ ಅಗ್ನಿಶಾಮಕ ಪಡೆಯಲ್ಲಿದ್ದವರು. ಹಿಂದೆಮುಂದೆ ನೋಡದೆ ಎದ್ದು, ಮೇಜಿನ ಮೇಲಿದ್ದ ನೀರಿನ ಹೂಜಿಯನ್ನು ಪೂರ್ತಿ ಅದರ ಮೇಲೆ ಸುರಿದುಬಿಟ್ಟರು.

ಬ್ರಾಂಡಿ ಸುರಿದು ಬೆಂಕಿ ಹಚ್ಚಿ ತರುವುದು ಅವಳ ಕಡೆಯ ಪದ್ಧತಿಯಂತೆ, ನಮಗೇನು ಗೊತ್ತು? ಡೋರೀನ್ ತೊಯ್ದ ಪುಡಿಂಗನ್ನು ನೋಡಿದಳು, ತೊಯ್ದ ತನ್ನ ಲಂಗವನ್ನು ನೋಡಿದಳು.

"ಊರಾಗ ಬೆಂಕಿ ಬಿದ್ರೂ ಇಷ್ಟ ಲಗೂನ ಆರಿಸ್ತೀರೇನ್ರಿ ಮಾವಾರ?" ಎಂದಳು.

ನನ್ನ ತಂದೆ ನಕ್ಕು ನಕ್ಕು ಕುರ್ಚಿಯ ಮೇಲೆ ಕುಸಿದರು. ಅಂದಿನಿಂದ ಅವರು ಸಾಯುವವರೆಗೂ ಅವಳ ಪಕ್ಷ.

ಕ್ರಿಸ್‌ಮಸ್ ಅವಳ ಹಬ್ಬವಾದರೆ ಥ್ಯಾಂಕ್ಸ್‌ಗಿವಿಂಗ್ ನಮ್ಮದು. ನಮ್ಮ ಮನೆಯ ಪದ್ಧತಿಯಂತೆ, ಊಟ ಮುಟ್ಟುವ ಮೊದಲು ಮೇಜಿನ ಸುತ್ತ ಕುಳಿತ ಒಬ್ಬೊಬ್ಬರೂ ಆ ವರ್ಷ ದೇವರಿಗೆ ಯಾವುದಕ್ಕಾಗಿ ಕೃತಜ್ಞರೆಂದು ಬಾಯಿಬಿಟ್ಟು ಹೇಳಬೇಕು. ನಮಗೆ ಅದು ಸಹಜ. ಡೋರೀನಳಿಗೆ ಮಾತ್ರ ಎಲ್ಲರೆದುರು ಬಟ್ಟೆ ಬಿಚ್ಚಿದಷ್ಟು ನಾಚಿಕೆ. ಮೊದಲ ವರ್ಷ ಅವಳ ಸರದಿ ಬಂದಾಗ ಕಿವಿಯವರೆಗೂ ಕೆಂಪಾಗಿ, ಸುತ್ತ ನೋಡಿ, "ಗ್ರೇವಿ ಚಲೋ ಆಗೈತಿ. ಅದಕ್ಕ" ಎಂದಳು. ಮರುವರ್ಷವೂ ಗ್ರೇವಿ. ಮಗಳು ಲೋರ್ನಾ ಹುಟ್ಟಿದ ವರ್ಷವೂ ಗ್ರೇವಿ. ನನಗೆ ಎದೆಯ ಶಸ್ತ್ರಚಿಕಿತ್ಸೆಯಾಗಿ ಬದುಕಿ ಬಂದ ವರ್ಷ, ಈ ಸಲವಾದರೂ ಏನಾದರೂ ಹೇಳುತ್ತಾಳೆಂದು ಕಾದೆ. "ಗ್ರೇವಿ," ಎಂದಳು, "ಸ್ವಲ್ಪ ಉಪ್ಪು ಕಡಿಮಿ ಆಗೈತಿ, ಆದ್ರೂ ಅಡ್ಡಿಯಿಲ್ಲ." ಐವತ್ತು ವರ್ಷ ನಮ್ಮ ಹಬ್ಬದಲ್ಲಿ ಅವಳು ದೇವರಿಗೆ ಗ್ರೇವಿಯ ಹೊರತು ಬೇರೆ ಯಾವುದಕ್ಕೂ ವಂದನೆ ಹೇಳಲಿಲ್ಲ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವಳ ಹಬ್ಬದಲ್ಲಾದರೋ ಮಾತೇ ಇಲ್ಲ. ಕ್ರಿಸ್‌ಮಸ್ಸಿಗೆ ತಿಂಗಳು ಮುಂಚೆ ಒಂದು ಭಾನುವಾರ ಅವರ ಚರ್ಚಿನಲ್ಲಿ ಓದುವ ಪ್ರಾರ್ಥನೆ, ನಮ್ಮ ಮನಸ್ಸುಗಳನ್ನು ಕಲಕಿ ಎಬ್ಬಿಸು ಎಂದು ದೇವರನ್ನು ಬೇಡುವಂಥದ್ದು. ಅದನ್ನು ಕೇಳಿದ ಹೆಂಗಸರು ಮನೆಗೆ ಓಡಿಬಂದು ಪುಡಿಂಗ್ ಕಲಕಲು ಕೂರುತ್ತಾರಂತೆ. ನಮ್ಮ ಊರಿನಲ್ಲಿ ಅವಳ ಪಂಗಡದ ಚರ್ಚಿಲ್ಲ. ಅವಳು ನನ್ನ ಜೊತೆ ಮೆಥಡಿಸ್ಟ್ ಚರ್ಚಿಗೇ ಬರುತ್ತಿದ್ದಳು; ಆದರೆ ಆ ಭಾನುವಾರವನ್ನು ಮರೆಯುತ್ತಿರಲಿಲ್ಲ. ಒಣದ್ರಾಕ್ಷಿ, ಬ್ರೆಡ್ಡಿನ ಪುಡಿ, ಕೊಬ್ಬು, ಕಪ್ಪು ಸಕ್ಕರೆ, ಮೊಟ್ಟೆ, ಜೊತೆಗೆ ಔಷಧಿಯೆಂದು ಹೇಳಿ ನನ್ನ ತಾಯಿಯ ಕಣ್ಣು ತಪ್ಪಿಸಿ ತರಿಸಿದ ಬ್ರಾಂಡಿ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಮರದ ಸೌಟಿನಿಂದ ಪೂರ್ವದಿಂದ ಪಶ್ಚಿಮಕ್ಕೆ ಕಲಕಬೇಕು, ಕಣ್ಣು ಮುಚ್ಚಿ ಒಂದು ಆಸೆ ಬೇಡಿಕೊಳ್ಳಬೇಕು, ಅದನ್ನು ಯಾರಿಗೂ ಹೇಳಬಾರದು. ಆಮೇಲೆ ಅದನ್ನು ಪಿಂಗಾಣಿ ಬೋಗುಣಿಯಲ್ಲಿ ತುಂಬಿ, ಬಟ್ಟೆ ಕಟ್ಟಿ, ದಾರ ಬಿಗಿದು, ದಿನವಿಡೀ ಹಬೆಯಲ್ಲಿ ಬೇಯಿಸಿ, ಮೇಲಿನ ಹಲಗೆಯಲ್ಲಿ ಇಟ್ಟುಬಿಡುತ್ತಿದ್ದಳು. ಮೊದಲ ವರ್ಷವೊಂದನ್ನು ಬಿಟ್ಟರೆ ಆ ಕ್ರಿಸ್‌ಮಸ್ಸಿಗಲ್ಲ, ಅದರ ಮುಂದಿನ ಕ್ರಿಸ್‌ಮಸ್ಸಿಗೆ. ವರ್ಷವಿಡೀ ಕೂತು ಹದವಾಗಬೇಕಂತೆ.

ಅದರೊಳಗೆ ಒಂದು ಬೆಳ್ಳಿ ನಾಣ್ಯವಿರುತ್ತಿತ್ತು, ಅವಳ ದೇಶದ ಆರು ಪೆನ್ಸ್. ಯಾರ ತುಂಡಿನಲ್ಲಿ ಸಿಕ್ಕಿದರೆ ಅವರಿಗೆ ವರ್ಷವೆಲ್ಲ ಅದೃಷ್ಟ. ಲೋರ್ನಾಗೆ ಎಷ್ಟೋ ಸಲ ಸಿಕ್ಕಿದೆ. ಅವಳ ಗಂಡ ಗಾರ್ಥನಿಗೆ ಸಿಕ್ಕಿದೆ. ಅತಿಥಿಯಾಗಿ ಬಂದ ಪಾಸ್ಟರಿಗೂ ಒಂದು ಸಲ ಸಿಕ್ಕಿ, ಹಲ್ಲು ಅಲ್ಲಾಡಿತು. ಸಿಕ್ಕವರು ಅದನ್ನು ಡೋರೀನಳ ಕೈಗೆ ಕೊಡಬೇಕು. ಅವಳು ಕರವಸ್ತ್ರದಲ್ಲಿ ಸುತ್ತಿ ಒಳಗೆ ಒಯ್ಯುವಳು. ನನಗೆ ಮಾತ್ರ ಐವತ್ತು ವರ್ಷದಲ್ಲಿ ಒಮ್ಮೆಯೂ ಸಿಗಲಿಲ್ಲ. ನಾನು ಗೊಣಗಿದರೆ, "ನಿನಗ ಸಿಗೋದು ಆಗಲೇ ಸಿಕ್ಕೈತಿ. ಸುಮ್ನ ತಿನ್ನು" ಎನ್ನುತ್ತಿದ್ದಳು.

ನಾವು ಭೇಟಿಯಾದದ್ದೂ ಒಂದು ನಾಣ್ಯದಿಂದಲೇ. ಆಗ ನಾನು ಲ್ಯಾಂಕಶೈರಿನ ವಾಯುನೆಲೆಯಲ್ಲಿ ನಮ್ಮ ದೇಶದ ಸೈನಿಕರ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಬಂದು ನಾಲ್ಕೇ ದಿನವಾಗಿತ್ತು. ಅಲ್ಲಿಯ ದುಡ್ಡು ಕೈಗೆ ಹಿಡಿಯುತ್ತಿರಲಿಲ್ಲ. ಮೀನು ಕರಿಯುವ ಅಂಗಡಿಯೊಂದರಲ್ಲಿ ಒಂದು ಪೊಟ್ಟಣ ಕರಿದ ಆಲೂಗಡ್ಡೆ ಕೊಂಡು, ಆರು ಪೆನ್ಸ್ ಎಂದುಕೊಂಡು ಜೇಬಿನಲ್ಲಿದ್ದ ನಮ್ಮ ದೇಶದ ಹತ್ತು ಸೆಂಟಿನ ನಾಣ್ಯ, ಡೈಮನ್ನು ಕೊಟ್ಟೆ. ಎರಡೂ ಬಿಳಿ, ಎರಡೂ ಚಿಕ್ಕವು. ಅದು ನಾನು ರೇಡಿಯೋಗಳ ತಿರುಪು ಬಿಚ್ಚಲು ಇಟ್ಟುಕೊಂಡಿದ್ದ ಡೈಮು. ಒಂದು ಅಂಚು ಸವೆದು ಸೊಟ್ಟಗಾಗಿತ್ತು. ಅಂಗಡಿಯವನು ರೇಗಿ ಎದ್ದ. ಅಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹುಡುಗಿ, "ಇರ್ಲಿ ಬಿಡ್ರಿ, ಪಾಪ, ಮಂದಿ ದೇಶದವ" ಎಂದು ತನ್ನ ಏಪ್ರನ್ನಿನಿಂದ ಆರು ಪೆನ್ಸ್ ತೆಗೆದು ಹಾಕಿದಳು. ಮರುದಿನ ನಾನು ಅವಳ ಸಾಲ ತೀರಿಸಲು ಹೋದೆ. ನನ್ನ ನಾಣ್ಯ ವಾಪಸು ಕೊಡು ಎಂದೆ. "ಆ ಖೊಟ್ಟಿ ನಾಣ್ಯಾನ? ಕಸಕ್ಕ ಒಗದೆ" ಎಂದಳು. ಅದೇ ಡೋರೀನ್.

ಅವಳು ಹೋದ ಸುದ್ದಿ ತಿಳಿದ ಎರಡನೆಯ ದಿನ, ನಮ್ಮ ಚರ್ಚಿನ ಸಭೆಯ ಹೆಂಗಸರು ಬೇಯಿಸಿದ ತಿಂಡಿಗಳ ತಟ್ಟೆಗಳನ್ನು ಹಿಡಿದು ಬಂದರು. ಸಾವಿನ ಮನೆಗೆ ಅಡುಗೆ ತರುವುದು ನಮ್ಮಲ್ಲಿ ಪದ್ಧತಿ. ತಟ್ಟೆಗಳಿಗೆ ಜಾಗ ಮಾಡಲು ಓಡೆಲ್ಲಾ ಎಂಬಾಕೆ ಉಗ್ರಾಣ ತೆರೆದು ಹಳೆಯದನ್ನೆಲ್ಲ ತೆಗೆದು ಶುಚಿ ಮಾಡಿದಳು. ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಅವರೆಲ್ಲ ಹೋದ ಮೇಲೆ ನಾನು ಒಳಗೆ ಹೋಗಿ ನೋಡಿದೆ. ಮೇಲಿನ ಹಲಗೆ ಬರಿದಾಗಿತ್ತು.

ಫೋನು ಮಾಡಿದೆ.

"ಓಡೆಲ್ಲಾ, ಮೇಲಿನ ಹಲಗೇಲಿ ಬಟ್ಟೆ ಕಟ್ಟಿದ್ದ ಬೋಗುಣಿ ಇತ್ತಲ್ಲ?"

"ಅಯ್ಯೋ ಅದಾ! ಅದರ ಮೇಲೆ ಹೋದ ವರ್ಷದ ತಾರೀಕು ಬರೆದಿತ್ತು ವೆಂಡೆಲ್! ಮೂಸಿ ನೋಡಿದೆ, ಕೊಳೆತು ಹೆಂಡ ಆಗಿಬಿಟ್ಟಿತ್ತು. ನೀವು ನೋಡಿ ಬೇಜಾರು ಮಾಡ್ಕೋಬಾರದೂಂತ ನಾನೇ ಕಸಕ್ಕೆ ಹಾಕ್ದೆ."

ಕಸದ ಲಾರಿ ಬರುವ ದಿನ ಅದು. ನಾನು ಅಂಗಿಯ ತೋಳು ಮಡಚಿ ಬೀದಿಯ ಅಂಚಿಗೆ ಹೋಗಿ, ಡಬ್ಬದೊಳಗೆ ಭುಜದವರೆಗೂ ಕೈ ಹಾಕಿದೆ. ಎಪ್ಪತ್ತೈದು ವರ್ಷದ ಸಭೆಯ ಹಿರಿಯ ಕಸ ಕೆದಕುವುದನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರು. ನೋಡಲಿ. ಬೋಗುಣಿ ಒಡೆದಿರಲಿಲ್ಲ. ಬಟ್ಟೆಯ ಮೇಲೆ ಕಾಫಿಯ ಗಷ್ಟು ಅಂಟಿತ್ತು. ದಾರ ಬಿಗಿಯಾಗಿಯೇ ಇತ್ತು. ಹೋದ ವರ್ಷ ಅವಳು ಕಲಕಿ, ಕಣ್ಣು ಮುಚ್ಚಿ ಏನನ್ನೋ ಬೇಡಿ, ಕಟ್ಟಿಟ್ಟದ್ದು. ಅವಳ ಕೈಯ ಕೊನೆಯ ಅಡುಗೆ. ನಾನು ಅದನ್ನು ಒಳಗೆ ತಂದು ಒರೆಸಿ, ನನ್ನ ಬಟ್ಟೆಗಳ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.

ಗುರುವಾರ ಥ್ಯಾಂಕ್ಸ್‌ಗಿವಿಂಗ್. ಬೇಡವೆಂದೆ. ಲೋರ್ನಾ ಕೇಳಲಿಲ್ಲ, ಟರ್ಕಿ ಕೋಳಿ ಬೇಯಿಸಿ ತಂದಳು. ಸರದಿ ಬಂದಾಗ ಗಾರ್ಥ್ ಏನೋ ಹೇಳಿದ. ನಾನು ತಲೆಯಾಡಿಸಿ ಲೋರ್ನಾ ಕಡೆ ಕೈ ತೋರಿಸಿದೆ. ಲೋರ್ನಾ ತಾಯಿಯ ಧ್ವನಿಯಲ್ಲೇ, "ಗ್ರೇವಿ ಚಲೋ ಆಗೈತಿ. ಅದಕ್ಕ" ಎಂದಳು. ಮೂವರೂ ನಕ್ಕೆವು, ಆಮೇಲೆ ಯಾರಿಗೂ ಊಟ ಸೇರಲಿಲ್ಲ.

ಕ್ರಿಸ್‌ಮಸ್ಸಿಗೆ ಎರಡು ದಿನವಿರುವಾಗ ಎಡ್ನಾ ಬಂದಳು. ಡೋರೀನಳ ಪೆಟ್ಟಿಗೆ, ಕೋಟು, ಕನ್ನಡಕ ಎಲ್ಲವನ್ನೂ ತಂದಿದ್ದಳು. ಅವಳನ್ನು ಮಣ್ಣು ಮಾಡಿದ ದಿನ ಯಾರು ಬಂದರು, ಯಾವ ಹೂವು, ಯಾವ ಕೀರ್ತನೆ ಎಂದು ಒಂದನ್ನೂ ಬಿಡದೆ ಹೇಳಿದಳು. ಮರುದಿನ ಬೆಳಿಗ್ಗೆ ಅವಳು ಚಹಾ ಕುಡಿಯುತ್ತ ನಮ್ಮ ಚಹಾ ನೀರಿನಂತಿದೆ ಎಂದು ಬೈಯುತ್ತಿದ್ದಾಗ ನಾನು ಧೈರ್ಯ ಮಾಡಿದೆ.

"ಎಡ್ನಾ, ಅವಳಿಗೆ ಇಲ್ಲಿ ಬಂದದ್ದಕ್ಕೆ ಪಶ್ಚಾತ್ತಾಪ ಇತ್ತಾ?"

ಎಡ್ನಾ ಬಟ್ಟಲು ಕೆಳಗಿಟ್ಟಳು.

"ಅದೆಲ್ಲಾ ಕೇಳೂ ಮಂದಿ ಅಲ್ಲಪಾ ನಾವು."

"ಸಮಾಧಿ ಹತ್ರ ಜಾಗ ಇದೆ ಅಂದ್ಲಲ್ಲ. ಏನು ಅರ್ಥ ಅದಕ್ಕೆ?"

"ನನಗೇನ್ ಗೊತ್ತು? ಹೂ ಇಟ್ಲು, ಜಾಗ ಐತಿ ಅಂದ್ಲು, 'ಬಸ್ಸು ಹೋಗ್ತೈತಿ, ನಡಿ ನಡಿ' ಅಂತ ಓಡಿದ್ಲು. ಅಷ್ಟ. ಎದಿ ಬಿಚ್ಚಿ ಮಾತಾಡೂದು ನಿಮ್ಮ ಕಡೆ. ನಮ್ಮ ಅವ್ವ ಸಾಯೂ ಮುಂದ ನಮಗ ಹೇಳಿದ್ದು, ಒಲಿ ಆರಿಸೀರೇನು ಅಂತ."

ಅಲ್ಲಿಗೆ ಆ ಮಾತು ಮುಗಿಯಿತು.

ಕ್ರಿಸ್‌ಮಸ್ಸಿನ ದಿನ ಚರ್ಚಿನಿಂದ ಬಂದ ಮೇಲೆ ನಾನು ಬೀರು ತೆರೆದು ಬೋಗುಣಿಯನ್ನು ತಂದೆ. ಎಡ್ನಾ ಅದನ್ನು ಎರಡು ಗಂಟೆ ಹಬೆಯಲ್ಲಿಟ್ಟಳು. ಮನೆಯೆಲ್ಲ ದ್ರಾಕ್ಷಿಯ, ಸುಟ್ಟ ಸಕ್ಕರೆಯ ವಾಸನೆ ತುಂಬಿತು. ಅವಳು ಊರಿನಿಂದ ತಂದ, ಅವರ ಕಡೆ ಕ್ರಿಸ್‌ಮಸ್ ಊಟಕ್ಕೆ ತೊಡುವ ಕಾಗದದ ಕಿರೀಟಗಳನ್ನು ಎಲ್ಲರಿಗೂ ತೊಡಿಸಿದ್ದಳು. ನನ್ನ ಎದುರು ಬಂದು ಮಾತ್ರ ಕೈಯಲ್ಲೇ ಹಿಡಿದುಕೊಂಡಳು. ನಾನೇ ತೆಗೆದುಕೊಂಡು ತಲೆಗಿಟ್ಟುಕೊಂಡೆ. ಬೋಗುಣಿ ಇಳಿಸಿದಾಗ ಗಾರ್ಥ್ ಕತ್ತರಿ ಹಿಡಿದು ದಾರ ಕತ್ತರಿಸಲು ಬಂದ. ಎಡ್ನಾ ಅವನ ಕೈಗೆ ಸೌಟಿನಿಂದ ಹೊಡೆದಳು.

"ಅಲ್ಲೆ ಇಡು ಕತ್ತರಿ! ಗಂಟು ಎಲ್ಲೈತಿ ಅಂತ ಮೊದಲ ನೋಡಬೇಕು."

"ಗಂಟು ನೋಡಿ ಏನ್ ಮಾಡ್ತೀರ ಅತ್ತೆ?"

"ನಿನ್ನ ಕೆಲಸ ನೀ ನೋಡ್ಕೊ."

ಅವಳು ಬೋಗುಣಿಯನ್ನು ಸುತ್ತ ತಿರುಗಿಸಿ, ಗಂಟು ಇದ್ದ ಕಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಆಮೇಲೆ ದಾರ ಬಿಚ್ಚಿ, ಬಟ್ಟೆ ತೆಗೆದು, ತಟ್ಟೆಗೆ ಕವುಚಿದಳು. ಹೆಬ್ಬೆರಳಿದ್ದ ಕಡೆ ಒಂದು ಲವಂಗ ಚುಚ್ಚಿದಳು. ನಾನು ಬಾಗಿಲಿನಲ್ಲಿ ನಿಂತು ಇದೆಲ್ಲವನ್ನೂ ನೋಡುತ್ತಿದ್ದೆ. ಐವತ್ತು ವರ್ಷ ನಾನು ಈ ಪುಡಿಂಗ್ ತಿಂದಿದ್ದೇನೆ, ಅದನ್ನು ಬೋಗುಣಿಯಿಂದ ತೆಗೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಡೋರೀನ್ ಆ ಹೊತ್ತಿನಲ್ಲಿ ಯಾರನ್ನೂ ಅಡುಗೆಮನೆಗೆ ಬಿಡುತ್ತಿರಲಿಲ್ಲ.

"ಅದೇನು ಲವಂಗ?" ಎಂದು ಕೇಳಿದೆ.

"ಹೋಗಿ ಕುಂದ್ರು ನೀನು."

ಪರದೆ ಎಳೆದೆವು. ಬ್ರಾಂಡಿಗೆ ಬೆಂಕಿ ಹತ್ತಿತು. ಗಾರ್ಥ್ ನೀರಿನ ಹೂಜಿಯನ್ನು ಕೈಗೆತ್ತಿಕೊಂಡು ನನ್ನ ತಂದೆಯಂತೆ ಎದ್ದು ನಿಂತ. ಲೋರ್ನಾ ಅವನ ತಲೆಯ ಮೇಲೊಂದು ಕೊಟ್ಟು ಕೂರಿಸಿದಳು. ನೀಲಿ ಉರಿ ಇಳಿಯಿತು. ಎಡ್ನಾ ಕತ್ತರಿಸಿ ಬಡಿಸಿದಳು. ಲವಂಗವಿದ್ದ ತುಂಡು ನನ್ನ ತಟ್ಟೆಗೆ ಬಂತು.

ಎರಡನೆಯ ಚಮಚಕ್ಕೆ ಹಲ್ಲಿಗೆ ಗಟ್ಟಿಯಾದದ್ದು ತಾಗಿತು.

ನಾನು ಅದನ್ನು ಬೆರಳಿಂದ ತೆಗೆದು ಹಿಡಿದುಕೊಂಡೆ. ಮೇಜಿನ ಸುತ್ತ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದ್ದರು.

"ನೀವು ಬೇಕಂತಲೇ ಕೊಟ್ರಿ," ಎಂದು ಲೋರ್ನಾ ಎಡ್ನಾಳನ್ನು ನೋಡಿ ಹೇಳಿದಳು.

"ಹೌದು ಮತ್ತ. ನಮ್ಮ ಅವ್ವ ನಾಣ್ಯ ಒತ್ತಿದ ಕಡೆನೇ ಗಂಟು ಹಾಕತಿದ್ಲು. ಆ ವರ್ಷ ಯಾರಿಗೆ ಅದೃಷ್ಟ ಬೇಕಾಗೈತಿ ಅಂತ ನೋಡಿ ಅವರ ತಟ್ಟಿಗೆ ಹಾಕೂದು. ಅದೆಲ್ಲಾ ತಾನಾಗೇ ಸಿಗ್ತೈತಿ ಅಂದ್ಕೊಂಡಿದ್ರೇನು? ಈ ವರ್ಷ ಯಾರಿಗೆ ಬೇಕು ಅಂತ ಮತ್ತ ಕೇಳಬೇಕೇನು?"

ಲೋರ್ನಾಗೆ ನಾಣ್ಯ ಸಿಕ್ಕ ವರ್ಷಗಳು ನನಗೆ ನೆನಪಾದವು. ಶಾಲೆಯಲ್ಲಿ ಎರಡು ಸಲ ಫೇಲಾದ ವರ್ಷ. ಮೊದಲ ಮಗು ಹೊಟ್ಟೆಯಲ್ಲೇ ಹೋದ ವರ್ಷ. ಗಾರ್ಥನಿಗೆ ಸಿಕ್ಕಿದ್ದು ಕಾರ್ಖಾನೆ ಮುಚ್ಚಿದ ವರ್ಷ. ನನ್ನ ಎದೆಯ ಶಸ್ತ್ರಚಿಕಿತ್ಸೆಯ ವರ್ಷವೂ ನನಗೆ ಕೊಡಲಿಲ್ಲವಲ್ಲ ಎಂದು ಒಂದು ಗಳಿಗೆ ಕೋಪ ಬಂತು.

ನಾನು ನಾಣ್ಯವನ್ನು ಕರವಸ್ತ್ರದಿಂದ ಒರೆಸತೊಡಗಿದೆ. ಅಂಟು ಹೋಯಿತು, ಕಪ್ಪು ಸ್ವಲ್ಪ ಬಿಟ್ಟಿತು. ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹೋಗಿ ಪರದೆ ಸರಿಸಿದೆ. ಬೆಳಕಿಗೆ ಹಿಡಿದೆ.

"ಇದು ಆರು ಪೆನ್ಸ್ ಅಲ್ಲ," ಎಂದೆ.

ಗಾರ್ಥ್ ಕೆಮ್ಮಿದ.

"ಗೊತ್ತು ಮಾವ."

"ಏನು ಗೊತ್ತು?"

"ಅದು ಡೈಮು ಅಂತ. ನಂಗೆ ಎರಡು ಸಲ ಸಿಕ್ಕಿತ್ತಲ್ಲ. ಆ ನಾಣ್ಯದ ಮೇಲಿರೋ ಮುಖ ನಂಗೆ ಗುರ್ತು ಸಿಗಲ್ವಾ?"

"ನಂಗೂ ಗೊತ್ತಿತ್ತಪ್ಪ," ಎಂದಳು ಲೋರ್ನಾ. "ಒಂಬತ್ತು ವರ್ಷದವಳಿದ್ದಾಗಿಂದ ಗೊತ್ತು. ಇದ್ಯಾಕಮ್ಮಾ ನಮ್ಮ ದುಡ್ಡು ಅಂತ ಕೇಳ್ದೆ. ನಿಮ್ಮಪ್ಪನಿಗೆ ಹೇಳ್ಬೇಡ, ಹೇಳಿದ್ರೆ ಅದೃಷ್ಟ ಹೋಗುತ್ತೆ ಅಂದ್ಲು. ಆಣೆ ಹಾಕಿಸ್ಕೊಂಡ್ಲು. ಅಮ್ಮನ ಹತ್ರ ನಿಜವಾದ ಆರು ಪೆನ್ಸ್ ಇಲ್ಲ, ಅದಕ್ಕೇ ನಾಚಿಕೆ ಅಂದ್ಕೊಂಡೆ."

"ಇಲ್ಲದ ಏನು?" ಎಂದಳು ಎಡ್ನಾ. "ಅವ್ವನ ಬೆಳ್ಳಿ ಆರು ಪೆನ್ಸ್ ನನ್ನ ಮನ್ಯಾಗ ಕೂತೈತಿ. ಮದುವಿ ಆಗಿ ಹೊಂಟಾಗ ತಗೊಂಡು ಹೋಗು ಅಂದ್ರ, 'ನೀನ ಇಟ್ಕೋ, ನನ್ನ ಹತ್ರ ನಂದು ಐತಿ' ಅಂದ್ಲು. ಎಂಥಾದ್ದು ಅಂತ ಅಕಿ ಹೇಳಲಿಲ್ಲ, ನಾ ಕೇಳಲಿಲ್ಲ."

ನಾನು ಅಂಚಿನ ಮೇಲೆ ಬೆರಳಾಡಿಸಿದೆ. ಒಂದು ಕಡೆ ಸವೆದು ಸೊಟ್ಟಗಾಗಿತ್ತು. ನೂರು ರೇಡಿಯೋಗಳ ತಿರುಪು ಬಿಚ್ಚಿದ ಅಂಚು ಅದು. ನನ್ನ ಬೆರಳು ಅದನ್ನು ಮರೆತಿರಲಿಲ್ಲ.

ಕಸಕ್ಕೆ ಎಸೆದೆ ಎಂದಿದ್ದಳು.

ಮೀನಿನ ಅಂಗಡಿಯ ಕಥೆಯನ್ನು ಅವರಿಗೆ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕಥೆ ಅವರಿಗೆ ಗೊತ್ತಿದ್ದದ್ದೇ. ಆದರೆ ಆ ನಾಣ್ಯ ಕಸಕ್ಕೆ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಎಡ್ನಾ ಕಾಗದದ ಕಿರೀಟವನ್ನು ತಲೆಯಿಂದ ತೆಗೆದು ಅದರಿಂದಲೇ ಕಣ್ಣೊರೆಸಿಕೊಂಡಳು. ಅದರ ಕೆಂಪು ಬಣ್ಣ ಅವಳ ಕೆನ್ನೆಗೆ ಹತ್ತಿತು.

"ಯಾಕೆ ನಂಗೆ ಹೇಳ್ಲಿಲ್ಲ?" ಎಂದೆ. "ಐವತ್ತು ವರ್ಷ! ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ನಿನ್ನ ಮಾರಿ ಮುಂದ ಹೇಳೂದಾ?" ಎಂದು ಎಡ್ನಾ ನಿಜವಾಗಿಯೂ ಬೆಚ್ಚಿದಳು. "ಅಕಿಗೆ ನಾಚಿಕಿ ಇರಲಿಲ್ಲೇನು?"

ನಿನಗ ಸಿಗೋದು ಆಗಲೇ ಸಿಕ್ಕೈತಿ ಎಂದು ಪ್ರತಿವರ್ಷ ಹೇಳುತ್ತಿದ್ದಳಲ್ಲ, ಅದನ್ನು ನಾನು ತಮಾಷೆ ಎಂದುಕೊಂಡಿದ್ದೆ. ನಮ್ಮ ಹಬ್ಬದಲ್ಲಿ ಅವಳು ಹೇಳದೆ ಬಿಟ್ಟದ್ದನ್ನು ತನ್ನ ಹಬ್ಬದಲ್ಲಿ ಹಬೆಯಲ್ಲಿಟ್ಟು ಬೇಯಿಸಿ, ಸಂಕಟದಲ್ಲಿದ್ದವರ ತಟ್ಟೆಗೆ ಅದೃಷ್ಟವೆಂದು ಬಡಿಸುತ್ತಿದ್ದಳು. ಹಾಳಾದ ಬದುಕಿನ ನಾಣ್ಯವನ್ನು ಯಾರೂ ಮಗಳಿಗೆ ಅದೃಷ್ಟವೆಂದು ಕೊಡುವುದಿಲ್ಲ. ತಾಯಿಯ ಪಕ್ಕದ ಆ ಮಣ್ಣಿನ ಬಗ್ಗೆ ಅವಳು ಏನು ಯೋಚಿಸಿದಳೋ ನನಗೆ ಇನ್ನೂ ತಿಳಿಯದು. ಬಸ್ಸಿಗೆ ತಡವಾಗಿತ್ತೆಂದು ಎಡ್ನಾ ಹೇಳುತ್ತಾಳೆ. ಇರಬಹುದು. ಅವಳು ಅಲ್ಲಿ ಮಲಗಿರುವುದು ಈಗ ನನಗೆ ಚುಚ್ಚುವುದಿಲ್ಲ. ತಾಯಿ ಕರೆದರೆ ಹೋಗಬಾರದೇನು?

ಎಡ್ನಾ ಹೊಸ ವರ್ಷಕ್ಕೆ ಮುಂಚೆ ಊರಿಗೆ ಹೊರಟಳು. ಬಟ್ಟೆಯನ್ನೂ ದಾರವನ್ನೂ ತೊಳೆದ ಬೋಗುಣಿಯೊಳಗೆ ಮಡಚಿಟ್ಟು, ಯಾವ ಭಾನುವಾರ ಕಲಕಬೇಕೆಂದು ಲೋರ್ನಾಗೆ ಮೂರು ಸಲ ಹೇಳಿ ಹೋದಳು. ಡೈಮು ನನ್ನ ಅಂಗಿಯ ಜೇಬಿನಲ್ಲಿದೆ. ಮುಂದಿನ ಪುಡಿಂಗಿಗೆ ಕೊಡುತ್ತೇನೆ. ಗಂಟು ನಾನೇ ಹಾಕುತ್ತೇನೆ ಎಂದಿದ್ದೇನೆ.

ನಮ್ಮ ಸಭೆಯಲ್ಲಿ ಸತ್ತವರನ್ನು ದೇವರ ಕೈಗೆ ಒಪ್ಪಿಸಿದ ಮೇಲೆ ಅವರಿಗಾಗಿ ಮತ್ತೆ ಬೇಡುವ ರೂಢಿಯಿಲ್ಲ. ಡೋರೀನಳ ಚರ್ಚಿನಲ್ಲಿ ಉಂಟು. ಅವಳು ತನ್ನ ತಾಯಿಗಾಗಿ ಪ್ರತಿದಿನ ಬೇಡುತ್ತಿದ್ದಳು, ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದೆ. ಈಗ ಬೆಳಿಗ್ಗೆ ನೀಲಿ ಟೈ ಕಟ್ಟಿಕೊಂಡು, ಅವಳು ಕೂರುತ್ತಿದ್ದ ಕುರ್ಚಿಯ ಮುಂದೆ ಮೊಣಕಾಲೂರಿ, ಅವಳ ರೀತಿಯಲ್ಲೇ ಬೇಡುತ್ತೇನೆ.

ಕರ್ತನೇ, ನಿನ್ನ ದಾಸಿ ಡೋರೀನಳನ್ನು ನಿನ್ನ ಬೆಳಕಿನಲ್ಲಿ ಇರಿಸು. ಅವಳು ಮಾತು ಕಡಿಮೆಯವಳು. ನಿನ್ನ ಮುಂದೆಯೂ ಗ್ರೇವಿಯ ಮಾತನ್ನೇ ಆಡಿದರೆ ತಪ್ಪು ತಿಳಿಯಬೇಡ, ಅದರೊಳಗೆ ಏನಿದೆಯೆಂದು ನೀನು ಬಲ್ಲೆ. ಪ್ರತಿವರ್ಷ ಕಣ್ಣು ಮುಚ್ಚಿ ಕಲಕುವಾಗ ಅವಳು ಬೇಡಿದ್ದನ್ನು ನಾನು ಅರಿಯೆ, ನೀನು ಅರಿತಿದ್ದೀ. ಉಳಿದದ್ದೇನಾದರೂ ಇದ್ದರೆ ಈಗ ಅವಳಿಗೆ ಕೊಡು. ಅವಳಿಗೆ ಕೊನೆಯಿಲ್ಲದ ಶಾಂತಿ ಇರಲಿ. ಆಮೆನ್.